ಮಳೆಯ ಮೇಲಿನ ಪಣ

ಧಾರವಾಡದಿಂದ ಅಳ್ನಾವರದ ಕಡೆಗೆ ಸಾಗುವ ರೈಲು ಹಾದಿಯಲ್ಲಿರುವ ಮುಗದವು ಭತ್ತದ ಸೀಮೆಯ ಊರು. ಭತ್ತದ ಸಂಶೋಧನೆಗೆಂದೇ ಅಲ್ಲಿ ಕೃಷಿ ವಿಶ್ವವಿದ್ಯಾಲಯದ ಕೇಂದ್ರವೊಂದಿದೆ. ಒಣನೆಲದಲ್ಲಿ ಕೂರಿಗೆಯಿಂದ ಬಿತ್ತಿ ಮುಗಿಲ ಕಡೆ ನೋಡುವ ಅಲ್ಲಿಯ ರೈತನು ವರುಷವರುಷವೂ ಬೀಜ, ಗೊಬ್ಬರ, ದುಡಿಮೆಗಳನ್ನೆಲ್ಲ ಮಳೆಯ ಮೇಲೆ ಪಣಕ್ಕಿಡುತ್ತಾನೆ. ಅದನ್ನು ಜೂಜೆಂದು ಯಾರೂ ಕರೆಯರು. ಆದರೆ ಈ ವಾರ ಮಳೆ ಬೀಳುವುದೋ ಇಲ್ಲವೋ ಎಂದು ಜನರಿಂದ ಹಣ ಕಟ್ಟಿಸಿಕೊಳ್ಳುವ ಅಡ್ಡೆಯನ್ನು ಯಾರಾದರೂ ತೆರೆದರೆ ಅದು ಅಪರಾಧ.

ಈ ನಿಷೇಧಕ್ಕೆ ವಯಸ್ಸಾಗಿದೆ. ಮುಗದವು ಮುಂಬಯಿ ಪ್ರಾಂತದಲ್ಲಿದ್ದಾಗ, 1887ರ ಜೂಜು ನಿರೋಧಕ ಕಾಯಿದೆಗೆ 1890ರ ತಿದ್ದುಪಡಿಯಿಂದ ಮಳೆಯೂ ಸೇರಿತು. ಮುಂಬಯಿಯಲ್ಲಿ ಮೋಡ ನೋಡಿ ಪಣ ಕಟ್ಟುವ ಚಟ ಅಷ್ಟು ಬೆಳೆದಿತ್ತು. 1956ರ ನವೆಂಬರ್ 1ರಂದು ಧಾರವಾಡವು ಮೈಸೂರು ರಾಜ್ಯಕ್ಕೆ ಬಂದಿತು. ರಾಜ್ಯ ಬದಲಾಯಿತು, ಮಳೆಗೆ ಮಾತ್ರ ಬಿಡುಗಡೆಯಾಗಲಿಲ್ಲ. 1963ರ ಪೊಲೀಸು ಕಾಯಿದೆಯ 78ನೆಯ ಕಲಮಿನಲ್ಲಿ ಹತ್ತಿ ಮತ್ತು ಚಿನ್ನಬೆಳ್ಳಿಗಳ ಧಾರಣೆಯ ಜೊತೆಗೆ ಮಳೆ ಬೀಳುವುದು, ಬೀಳದಿರುವುದು, ಬಿದ್ದ ಮಳೆಯ ಪ್ರಮಾಣ ಎಲ್ಲವೂ ಕುಳಿತಿವೆ. ಹತ್ತಿಯೇಕೆಂದು ಹುಬ್ಬಳ್ಳಿಯವರಿಗೆ ಬಿಡಿಸಿ ಹೇಳಬೇಕೆ? ನ್ಯೂಯಾರ್ಕಿನಿಂದ ತಂತಿಯಲ್ಲಿ ಬರುತ್ತಿದ್ದ ಹತ್ತಿಯ ಆರಂಭದ ಮತ್ತು ಮುಕ್ತಾಯದ ದರಗಳ ಮೇಲಿನ ಪಣದಿಂದಲೇ ಮಟಕಾ ಹುಟ್ಟಿತು. 'ಓಸಿ' ಎಂಬ ಹೆಸರು ಆ ಓಪನ್, ಕ್ಲೋಜ್‌ಗಳದೇ.

ಇತ್ತೀಚಿನ ವರುಷಗಳಲ್ಲಿ ಈ ವ್ಯವಹಾರ ಮೊಬೈಲ್ ಫೋನಿಗೆ ಬಂದು, ಅಭಿಪ್ರಾಯದ ಪೇಟೆ ಎಂಬ ಗೌರವದ ಹೆಸರು ಪಡೆಯಿತು. 'ಹೌದು' ಎಂಬುದಕ್ಕೆ 6 ರೂಪಾಯಿ, 'ಇಲ್ಲ' ಎಂಬುದಕ್ಕೆ 4; ಗೆದ್ದವನಿಗೆ 10. ನಡೆಯುವ ಸಂಭವ ನೂರಕ್ಕೆ ಅರವತ್ತು ಎಂಬ ಜನರ ಅಂದಾಜೇ ಆ ದರ. ಇದರಲ್ಲಿ ವಿದ್ಯೆಯ ಅಂಶವೇ ಇಲ್ಲವೆನ್ನುವುದು ಅನ್ಯಾಯವಾದೀತು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯವು 1988ರಲ್ಲಿಯೇ ಚುನಾವಣೆಗಳ ಮೇಲೆ ಇಂಥ ಪೇಟೆಯನ್ನು ಸಂಶೋಧನೆಗಾಗಿ ತೆರೆಯಿತು. ಹೂಡಿಕೆಗೆ 500 ಡಾಲರಿನ ಮಿತಿಯನ್ನೂ ಇಟ್ಟಿತು. ನಮ್ಮಲ್ಲಿಯ ಕಂಪನಿಗಳು ಇದು ಅದೃಷ್ಟವಲ್ಲ, ಜಾಣತನ ಎಂದು ವಾದಿಸಿದವು; ಮಿತಿಯ ಮಾತು ಅಷ್ಟಾಗಿ ಕೇಳಿಬರಲಿಲ್ಲ. ಆನ್‌ಲೈನ್ ಆಟಗಳನ್ನು ತಡೆಯಲು ರಾಜ್ಯವು 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಕಲಮುಗಳನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ರದ್ದುಗೊಳಿಸಿದಾಗ ಆ ವಾದಕ್ಕೆ ಬಲ ಬಂದಂತಾಯಿತು.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯಿದೆ ಆ ಪ್ರಶ್ನೆಯನ್ನೇ ಅಳಿಸಿತು. ಜಾಣತನವಿರಲಿ, ಅದೃಷ್ಟವಿರಲಿ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟವನ್ನು ನಡೆಸಿದವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿಯವರೆಗೆ ದಂಡ. ಆಡಿದವನಿಗೆ ಶಿಕ್ಷೆಯಿಲ್ಲ. ಪ್ರೋಬೊ ಕಂಪನಿ ಆ ತಿಂಗಳೇ ಹಣದ ವ್ಯವಹಾರ ನಿಲ್ಲಿಸಿತು.

ವಿಚಿತ್ರವೆಂದರೆ, ಅದೇ ವರುಷದ ಜೂನಿನಲ್ಲಿ ಎನ್‌ಸಿಡಿಇಎಕ್ಸ್ ಎಂಬ ಸರಕು ವಿನಿಮಯ ಕೇಂದ್ರವು ಮಳೆಯ ಮೇಲಿನ ಮುಂಗಡ ಕರಾರುಗಳಿಗಾಗಿ ಭಾರತ ಹವಾಮಾನ ಇಲಾಖೆಯೊಡನೆ ಒಪ್ಪಂದ ಮಾಡಿಕೊಂಡಿತು. ಬೆಳೆ ಇದ್ದವನಿಗೆ ಅಂಥ ಕರಾರು ರಕ್ಷೆ, ನಿಜ. ಆದರೆ ಗೇಣು ಹೊಲವಿಲ್ಲದ ಸಟ್ಟಾ ವ್ಯಾಪಾರಿಯೂ ಇಂಥ ಪೇಟೆಗೆ ಬರುತ್ತಾನೆ; ಅವನು ಬಾರದಿದ್ದರೆ ಪೇಟೆಯೇ ನಡೆಯದು. ಹಾಗಾದರೆ ಕಾನೂನು ನೋಡುವುದು ಮಳೆಯನ್ನಲ್ಲ, ಪಣ ಕಟ್ಟುವವನ ಮನಸ್ಸನ್ನೂ ಅಲ್ಲ. ಗಲ್ಲೆಯ ಹಿಂದೆ ಯಾರು ಕುಳಿತಿದ್ದಾರೆಂಬುದನ್ನು.

ಮುಗದದ ಭತ್ತದ ರೈತನ ಕೈಗೆ ನೇರವಾಗಿ ಎಟುಕುವುದು ಫಸಲ್ ಬಿಮಾ ಯೋಜನೆ. ಮುಂಗಾರು ಭತ್ತಕ್ಕೆ ವಿಮೆಯ ಮೊತ್ತದಲ್ಲಿ ನೂರಕ್ಕೆ 2 ರೂಪಾಯಿ ಕಟ್ಟಿದರಾಯಿತು. ಬರ ಬಿದ್ದರೆ ಪರಿಹಾರದ ಎಣಿಕೆ ಮಾತ್ರ ಸಾಮಾನ್ಯವಾಗಿ ಅವನ ಹೊಲದ್ದಲ್ಲ, ಸುತ್ತಿನ ಸೀಮೆಯ ಸರಾಸರಿ ಇಳುವರಿಯದು.