ಗಣಕಯಂತ್ರದ ಮೂರ್ಛೆಯೂ ಅದರ ಉಪಶಮನವೂ

ವಾಚಕಮಹಾಶಯರಲ್ಲಿ ಕೆಲವರ ಮನೆಗಳಲ್ಲಿ ಲಿನಕ್ಸ್ ಎಂಬ ವ್ಯವಸ್ಥೆಯಿಂದ ನಡೆಯುವ ಗಣಕಯಂತ್ರಗಳಿರಬಹುದು. 1991ನೆಯ ಇಸವಿಯಲ್ಲಿ, ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬವರು ಆರಂಭಿಸಿದ ಈ ವ್ಯವಸ್ಥೆಯು ಹಣ ತೆರದೆ ದೊರೆಯುವುದು. ಹಳೆಯ ಯಂತ್ರಗಳಲ್ಲಿಯೂ ಸುಖವಾಗಿ ನಡೆಯುವುದು. ಇದರ ಗುಣವರ್ಣನೆಯು ಈ ಲೇಖನದ ಉದ್ದೇಶವಲ್ಲ. ಕೆಲಸ ಮಾಡುತ್ತಿರುವಾಗಲೇ ಪರದೆಯು ಗೋಡೆಯ ಚಿತ್ರಪಟದಂತೆ ಸ್ತಬ್ಧವಾಗಿ ನಿಂತುಬಿಡುವ ಉಪದ್ರವವೊಂದುಂಟಷ್ಟೆ; ಅದನ್ನು ಕುರಿತು, ನಾನು ಪೆಟ್ಟು ತಿಂದು ಕಲಿತ ಕೆಲವು ಮಾತುಗಳನ್ನು ಹೇಳಬೇಕೆಂದಿರುವೆನು.

ನಮ್ಮ ತಾಯಿಯವರಿಗೆ ಈಗ 86 ವರ್ಷ. ಆರತಿ, ಉರುಟಣೆಗಳ ಕಾಲದಲ್ಲಿ ಹೇಳತಕ್ಕ ಹಾಡುಗಳು ಅವರಿಗೆ ಹೇರಳವಾಗಿ ಕಂಠಸ್ಥವಾಗಿದ್ದುವು. ಈಚೆಗೆ ಮರೆವು ಕವಿಯುತ್ತಿರುವುದು. ನೆನಪಾದಾಗ ಅವರು ಹೇಳುವುದು, ನಾನು ಯಂತ್ರದಲ್ಲಿ ಬರೆದುಕೊಳ್ಳುವುದು ಎಂದು ವಾಡಿಕೆಯಾಗಿದ್ದಿತು. ಒಂದು ಮಧ್ಯಾಹ್ನ ಅವರು ಉರುಟಣೆಯ ಹಾಡೊಂದನ್ನು ಹದಿನಾಲ್ಕು ನುಡಿಗಳವರೆಗೆ ತಡೆಯಿಲ್ಲದೆ ಹೇಳಿದರು. ಬರೆದು ಮುಗಿಸಿ 'ಸೇವ್' ಒತ್ತಿದೆನು. ಮೊಮ್ಮಗಳು ಹಟಮಾಡಿದಳೆಂದು ಒಡನೆಯೇ ಒಂದು ವಿಡಿಯೋವನ್ನು ತೆರೆದೆನು. ಪರದೆಯು ನಿಂತಿತು, ಬಾಣದ ಗುರುತು ಸಹ ಕದಲಲಿಲ್ಲ. ತಾಳ್ಮೆಗೆಟ್ಟು ಗೋಡೆಯ ಸ್ವಿಚ್ಚನ್ನು ಆರಿಸಿಬಿಟ್ಟೆನು. ಮತ್ತೆ ತೆರೆದು ನೋಡಿದಾಗ ಕಡತದ ಹೆಸರು ಇದ್ದಿತು, ಒಳಗೆ ಒಂದಕ್ಷರವೂ ಇರಲಿಲ್ಲ. "ಅಮ್ಮ, ಆ ಹಾಡನ್ನು ಇನ್ನೊಂದು ಸಲ ಹೇಳಮ್ಮ" ಎಂದೆನು. "ಯಾವ ಹಾಡೋ?" ಎಂದರು.

ನಾನು ಮಾಡಿದ ತಪ್ಪೇನೆಂಬುದನ್ನು ತಿಳಿಯಬೇಕಾದರೆ ಯಂತ್ರದ ಒಳಗಿನ ಸಂಸಾರವನ್ನು ಸ್ವಲ್ಪ ನೋಡಬೇಕು. ಕರ್ನಲ್ ಎಂಬುದು ಮನೆಯ ಯಜಮಾನ. ಪರದೆಯ ಮೇಲೆ ಚಿತ್ರ ಬರೆಯಲು ಗ್ರಾಫಿಕ್ಸ್ ಚಿಪ್ ಎಂಬ ಚಿತ್ರಕಾರನು ಬೇರೆಯೇ ಇರುವನು. ಇವರಿಬ್ಬರ ಭಾಷೆ ಒಂದಲ್ಲವಾದುದರಿಂದ ನಡುವೆ ಒಬ್ಬ ದುಭಾಷಿಯು ಬೇಕು, ಅವನೇ ಡ್ರೈವರ್. (ಹೆಸರಿನಿಂದ ಸಾರಥಿಯೆನ್ನಬೇಕು, ಕೆಲಸದಿಂದ ದುಭಾಷಿಯೆನ್ನುವುದೇ ಸರಿ.) ದುಭಾಷಿಯು ತಪ್ಪಿದರೆ, ಅಥವಾ ಚಿತ್ರಕಾರನು ಉತ್ತರ ಕೊಡದೆ ಹೋದರೆ, ಕೊನೆಗೆ ಬರೆದ ಚಿತ್ರವೇ ಪರದೆಯಲ್ಲಿ ನಿಲ್ಲುವುದು. ಯಜಮಾನನಾದರೋ ಒಳಮನೆಯಲ್ಲಿ ಎಚ್ಚರವಾಗಿಯೇ ಇರಬಹುದು. ಇನ್ನೊಂದು ಮುಖ್ಯ ಸಂಗತಿ: 'ಸೇವ್' ಒತ್ತಿದ ಮಾತ್ರಕ್ಕೆ ಬರಹವು ಎಲ್ಲ ಸಂದರ್ಭಗಳಲ್ಲಿಯೂ ತತ್‌ಕ್ಷಣವೇ ಡಿಸ್ಕನ್ನು ಸೇರದು. ಕರ್ನಲ್ಲು ಅದನ್ನು ಸುಮಾರು 30 ಸೆಕೆಂಡುಗಳವರೆಗೆ ತನ್ನ ಸ್ಮೃತಿಯಲ್ಲಿಯೇ ಇಟ್ಟುಕೊಂಡಿರುವುದುಂಟು. ಆ ಅವಕಾಶದಲ್ಲಿ ನಾನು ವಿದ್ಯುತ್ತನ್ನು ಕಡಿದೆನು. ಮೂರ್ಛೆ ಹೋದವನನ್ನು ಸತ್ತನೆಂದು ಬಗೆದು ಮನೆಗೇ ಬೆಂಕಿಯಿಟ್ಟಂತಾಯಿತು.

ಹಾಗಾದರೆ ಮೂರ್ಛೆಯೋ ಮರಣವೋ ಎಂದು ತಿಳಿಯುವುದು ಹೇಗೆ? ಹಾಡಿನ ಧ್ವನಿಯು ಕೇಳುತ್ತಿದ್ದು ಚಿತ್ರವು ಮಾತ್ರ ನಿಂತಿದ್ದರೆ ಯಜಮಾನನು ಜೀವಂತನು. ಕ್ಯಾಪ್ಸ್ ಲಾಕ್ ಕೀಲಿಯನ್ನೊತ್ತಿದಾಗ ಅದರ ದೀಪವು ಹತ್ತಿ ಆರಿದರೂ ಹಾಗೆಯೇ. ದೀಪವು ಹತ್ತದಿದ್ದರೆ ಮಾತ್ರ ಮರಣವನ್ನು ನಿಶ್ಚಯಿಸಬಾರದು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದೇ ಹೊರತು, ಹೊಗೆಯಿಲ್ಲದ ಮಾತ್ರಕ್ಕೆ ಬೆಂಕಿಯಿಲ್ಲವೆನ್ನಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲದ ಅಗ್ನಿಯಿರುವುದನ್ನು ನಮ್ಮ ತಾರ್ಕಿಕರು ಎಂದೋ ತೋರಿಸಿರುವರು. ಡಿಸ್ಕಿನ ದೀಪವು ಎಡೆಬಿಡದೆ ಮಿನುಗುತ್ತಿದ್ದರೆ ಚಿತ್ರಕಾರನನ್ನು ದೂರುವುದಕ್ಕೆ ಮೊದಲು ಸ್ಮೃತಿಯ ಅಭಾವವನ್ನು ಶಂಕಿಸತಕ್ಕದ್ದು.

ಮೊದಲು ಒಂದು ನಿಮಿಷ ಕೈಕಟ್ಟಿ ಕುಳಿತಿರಬೇಕು. ಡ್ರೈವರ್ ತಾನಾಗಿಯೇ ಚಿಪ್ಪನ್ನು ಎಚ್ಚರಗೊಳಿಸಲು ಯತ್ನಿಸುವುದುಂಟು. ಆಗದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಬರಿಯ ಅಕ್ಷರಗಳ ಕಪ್ಪು ಪರದೆಯು ಬಂದರೆ ನಮ್ಮ ಪುಣ್ಯ; ಅಲ್ಲಿ ಹೆಸರನ್ನೂ ಗುಪ್ತಪದವನ್ನೂ ಕೊಟ್ಟು 'ಸಿಂಕ್' ಎಂದು ಆಜ್ಞಾಪಿಸಿದರೆ ಸ್ಮೃತಿಯಲ್ಲಿದ್ದುದೆಲ್ಲವೂ ಡಿಸ್ಕನ್ನು ಸೇರುವುದು, ಬಳಿಕ ಕ್ರಮವಾಗಿ 'ರೀಬೂಟ್' ಮಾಡಬಹುದು. ಎಸ್‌ಎಸ್‌ಎಚ್ ಸೌಕರ್ಯವನ್ನು ಮೊದಲೇ ಅಳವಡಿಸಿದ್ದರೆ ಮನೆಯ ಮತ್ತೊಂದು ಯಂತ್ರದಿಂದಲೂ ಇದನ್ನೇ ಮಾಡಬಹುದು. ಇವೆರಡೂ ಸಾಗದಿದ್ದಾಗ ಉಳಿಯುವುದು ಸಿಸ್‌ಆರ್‌ಕ್ಯೂ ಪ್ರಯೋಗ. ಸಾಮಾನ್ಯವಾಗಿ ಪ್ರಿಂಟ್ ಸ್ಕ್ರೀನ್ ಕೀಲಿಗೇ ಈ ಮತ್ತೊಂದು ಹೆಸರು. ಆಲ್ಟ್ ಕೀಲಿಯೊಡನೆ ಅದನ್ನು ಹಿಡಿದುಕೊಂಡು ಎಸ್, ಯು, ಬಿ ಎಂಬ ಅಕ್ಷರಗಳನ್ನು ಕೆಲವು ಸೆಕೆಂಡುಗಳ ಅಂತರದಲ್ಲಿ ಒಂದೊಂದಾಗಿ ಒತ್ತತಕ್ಕದ್ದು. ಎಸ್ ಎಂಬುದು ಬರಹವನ್ನು ಡಿಸ್ಕಿಗೆ ಸೇರಿಸುವುದು. ಯು ಎಂಬುದು ಡಿಸ್ಕಿನಲ್ಲಿ ಮುಂದೆ ಏನನ್ನೂ ಬರೆಯದಂತೆ ಬೀಗ ಹಾಕುವುದು. ಬಿ ಎಂಬುದು ಯಂತ್ರವನ್ನು ಮರಳಿ ಹೊರಡಿಸುವುದು. ಉಬುಂಟುವಿನಲ್ಲಿ ಈ ಮೂರಕ್ಕೂ ಮೊದಲಿನಿಂದಲೇ ಅಪ್ಪಣೆಯಿರುವುದು. ಬೇರೆ ವಿತರಣೆಗಳಲ್ಲಿ ಅಪ್ಪಣೆಯನ್ನು ನಾವೇ ಕೊಡಬೇಕಾದೀತು. 'ಸೇವ್' ಒತ್ತದೆ ಬಿಟ್ಟ ಬರಹವನ್ನು ಮಾತ್ರ ಯಾವ ಕೀಲಿಯೂ ಉಳಿಸಲಾರದು.

ಯಂತ್ರವು ಎದ್ದ ಮೇಲೆ ಅದರ ದಿನಚರಿಯನ್ನು ಓದಬೇಕು. 'ಜರ್ನಲ್‌ಸಿಟಿಎಲ್' ಎಂಬ ಆಜ್ಞೆಯ ಮುಂದೆ '-ಕೆ -ಬಿ -1' ಎಂದು ಸೇರಿಸಿದರೆ ಹಿಂದಿನ ಸರದಿಯಲ್ಲಿ ಕರ್ನಲ್ಲು ಬರೆದುಕೊಂಡದ್ದು ಕಾಣುವುದು. ಇಂಟೆಲ್ ಚಿಪ್ಪುಗಳಲ್ಲಿ 'ಜಿಪಿಯು ಹ್ಯಾಂಗ್', ಎಎಂಡಿಯಲ್ಲಿ 'ರಿಂಗ್' 'ಟೈಮೌಟ್', ಎನ್ವಿಡಿಯಾದಲ್ಲಿ 'ಎಕ್ಸ್‌ಐಡಿ' ಎಂಬ ಮಾತುಗಳನ್ನು ಹುಡುಕತಕ್ಕದ್ದು. ಎಕ್ಸ್‌ಐಡಿಯ ಮುಂದೆ 79 ಎಂಬ ಅಂಕೆಯಿದ್ದರೆ ಕಾರ್ಡಿನ ಸಂಪರ್ಕವೇ ತಪ್ಪಿತೆಂದರ್ಥ. ಆಗ ಕಾವು, ವಿದ್ಯುತ್ತು, ಕಾರ್ಡು ಕುಳಿತಿರುವ ಬಗೆ ಇವುಗಳನ್ನೂ ನೋಡಬೇಕು. ಸ್ವಿಚ್ಚನ್ನು ಆರಿಸಿದವನಿಗೆ ದಿನಚರಿಯ ಕೊನೆಯ ಸಾಲುಗಳೇ ಸಿಕ್ಕದೆ ಹೋಗಬಹುದು. ನನಗೆ ಮೊದಲ ಸಲ ಸಿಕ್ಕಲಿಲ್ಲ.

ಮುಂದಿನ ಸಲ ಸಿಕ್ಕಿದುವು. ಚಿತ್ರಕಾರನು ಸಕಾಲದಲ್ಲಿ ಉತ್ತರಿಸಲಿಲ್ಲವೆಂಬ ವಾಕ್ಯವಿದ್ದಿತು. ಆ ಚಿಪ್ಪನ್ನು ಮಾಡಿದವರಾರೆಂಬುದು ಇಲ್ಲಿ ಅಪ್ರಸ್ತುತ. ಪಾಠ ಹೇಳುತ್ತಿದ್ದಾಗ ಅನ್ವಯ, ವ್ಯತಿರೇಕಗಳನ್ನು ಎಷ್ಟೋ ಸಲ ವಿವರಿಸಿದ್ದೆನು: ಇದು ಇದ್ದರೆ ಅದು ಇರುವುದು, ಇದು ಇಲ್ಲದಿದ್ದರೆ ಅದೂ ಇಲ್ಲ. ಅದನ್ನು ಒಂದು ನೋಟುಪುಸ್ತಕದಲ್ಲಿ ಆಚರಣೆಗೆ ತಂದೆನು. ಕಾವಿನ ಶಂಕೆಯಿಂದ ಫ್ಯಾನಿನ ಧೂಳನ್ನು ತೆಗೆದೆನು. ಯಂತ್ರವು ನಾಲ್ಕನೆಯ ದಿನ ಮತ್ತೆ ನಿಂತಿತು. ಮರಿಮೊಮ್ಮಗಳಿಗೆ ಹಾಡು ಹೇಳುವುದನ್ನು ತಾಯಿಯವರು ಅಂದು ಆರಂಭಿಸಿದ್ದರು. ಯಂತ್ರದ ಬಳಿ ಕುಳಿತಿದ್ದ ನಾನು ಕೇಳಲಿಲ್ಲ. ಬಳಿಕ ಬ್ರೌಸರಿನಲ್ಲಿ 'ಹಾರ್ಡ್‌ವೇರ್ ಆಕ್ಸಿಲರೇಶನ್' ಎಂಬುದನ್ನು ಆರಿಸಿದೆನು. ಉಪದ್ರವವು ವಿರಳವಾಯಿತು, ನಿಲ್ಲಲಿಲ್ಲ. ಹಾಳೆಗಳನ್ನು ತಿರುವಿದಾಗ, ಮೊದಲ ಮೂರ್ಛೆಗೆ ಎರಡು ದಿನ ಮುಂಚೆ ಕರ್ನಲ್ಲಿನ ಹೊಸ ಆವೃತ್ತಿಯು ಬಂದಿದ್ದುದು ಕಂಡಿತು. ಯಂತ್ರವು ಎಚ್ಚರಗೊಳ್ಳುವಾಗ ತೋರುವ ಗ್ರಬ್ ಪಟ್ಟಿಯಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್' ಎಂಬಲ್ಲಿ ಹಳೆಯ ಕರ್ನಲ್ಲುಗಳೂ ಇರುವುವು. ಹಳೆಯದನ್ನು ಆರಿಸಿ, ಬ್ರೌಸರನ್ನು ಮೊದಲಿನಂತೆಯೇ ಮಾಡಿ, ಮೂರು ವಾರ ನೋಡಿದೆನು. ಒಮ್ಮೆಯೂ ನಿಲ್ಲಲಿಲ್ಲ. ಪರೀಕ್ಷೆಗಾಗಿ ಹೊಸದಕ್ಕೆ ಹಿಂದಿರುಗಿದೆನು, ಮರುದಿನವೇ ನಿಂತಿತು. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದ್ದರೆ ಕಾರಣವು ಇಂದಿಗೂ ತಿಳಿಯುತ್ತಿರಲಿಲ್ಲ. ದೋಷವು ತಿದ್ದಿದ ಆವೃತ್ತಿಯು ಬರುವವರೆಗೆ ಹಳೆಯದರಲ್ಲಿಯೇ ಕಾಲ ಕಳೆದೆನು.

ಹೋದ ತಿಂಗಳು ಹೂ ಕಟ್ಟುತ್ತ ಕುಳಿತಿದ್ದ ತಾಯಿಯವರು ಆ ಹಾಡಿನ ಮೂರು ನುಡಿಗಳನ್ನು ತಾವಾಗಿಯೇ ಗುನುಗಿದರು. ಅವನ್ನು ಮೊದಲು ಕಾಗದದ ಮೇಲೆ ಬರೆದುಕೊಂಡು ಆಮೇಲೆ ಯಂತ್ರಕ್ಕೆ ಏರಿಸಿರುವೆನು. ಉಳಿದ ಹನ್ನೊಂದಕ್ಕೆ ಸ್ಥಳವನ್ನು ಬಿಟ್ಟಿರುವೆನು.