ಅಟ್ಟದ ಮೇಲಿನ ಕೋವಿ

"ಅಪ್ಪ ತೀರಿಕೊಂಡು ಎರಡು ಮಳೆಗಾಲ ಕಳೆಯಿತು. ಅವರ ಕೇಪಿನ ಕೋವಿ ಅಟ್ಟದಲ್ಲೇ ಇದೆ. ಲೈಸನ್ಸ್ ಅವರ ಹೆಸರಿನಲ್ಲಿತ್ತು. ಈಗ ಏನು ಮಾಡುವುದು?"

ಪೂಜೆ ಮುಗಿದ ಬಳಿಕ ಇಗರ್ಜಿಯ ಅಂಗಳದಲ್ಲಿ ಕೃಷಿಕರೊಬ್ಬರು ನಮ್ಮನ್ನು ಕೇಳಿದ ಪ್ರಶ್ನೆಯಿದು. ಅವರ ಮರಗೆಣಸಿನ ಸಾಲುಗಳನ್ನು ಕಾಡುಹಂದಿಗಳು ಒಂದೇ ರಾತ್ರಿಯಲ್ಲಿ ಮಗುಚಿ ಹಾಕಿದ್ದವು.

ಪ್ರಿಯ ಕೃಷಿಕ ಬಂಧುಗಳೇ, ತಡಮಾಡಬೇಡಿ. ಲೈಸನ್ಸುದಾರರು ತೀರಿಕೊಂಡರೆ ಅಥವಾ ಲೈಸನ್ಸಿನ ಅವಧಿ ಮುಗಿದರೆ ಕೋವಿಯನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಇಲ್ಲವೇ ಲೈಸನ್ಸ್ ಪಡೆದ ವ್ಯಾಪಾರಿಯಲ್ಲಿ ಒಪ್ಪಿಸಬೇಕೆಂದು 1959ರ ಆಯುಧ ಕಾಯ್ದೆ ಹೇಳುತ್ತದೆ. ರಶೀದಿ ಕೇಳಿ ಪಡೆಯಿರಿ. ವಾರಸುದಾರರು ತಮ್ಮ ಹೆಸರಿಗೆ ಲೈಸನ್ಸ್ ಕೋರಲು 2016ರ ನಿಯಮಗಳಲ್ಲಿ ದಾರಿಯಿದೆ. ಬೆಳೆ ರಕ್ಷಣೆಗೆಂದೇ ಕೇಪಿನ ಕೋವಿಯನ್ನು ಕಾಯ್ದೆಯಲ್ಲಿ ಹೆಸರಿಸಿದ್ದಾರೆ. ಸುಮ್ಮನೆ ಇಟ್ಟುಕೊಂಡರೆ, 2019ರ ತಿದ್ದುಪಡಿಯಂತೆ ಸಾಮಾನ್ಯವಾಗಿ 2ರಿಂದ 5 ವರ್ಷ ಸೆರೆ. "ಅಪ್ಪನ ನೆನಪಿಗೆ ಇಟ್ಟದ್ದು" ಎಂಬ ಮಾತು ಅಲ್ಲಿ ನಡೆಯದು. "ಗಡಿಯಾಚೆ ಕೊಡಗಿನಲ್ಲಿ ಲೈಸನ್ಸೇ ಬೇಡವಂತೆ" ಎನ್ನುವವರಿದ್ದಾರೆ. ಆ ವಿನಾಯಿತಿ ಕೊಡವ ಜನಾಂಗಕ್ಕೂ ಜಮ್ಮಾ ಹಿಡುವಳಿದಾರರಿಗೂ ಮಾತ್ರ. 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿದರು. ಕಾಸರಗೋಡಿನ ನಮಗೆ ಅದು ಅನ್ವಯಿಸದು.

ಕಾಗದ ಸರಿಯಿದ್ದರೂ ಕೋವಿ ಸರಿಯಿದೆಯೇ? ಕೇಪಿನ ಕೋವಿಗೆ ನಳಿಗೆಯ ಬಾಯಿಯಿಂದ ಮದ್ದು ಸುರಿದು, ಕತ್ತ ತುರುಕಿ, ಚಿಲ್ಲು ಹಾಕಿ, ಗಜದಿಂದ ಗಟ್ಟಿಯಾಗಿ ಜಡಿಯಬೇಕು. ಮದ್ದಿಗೂ ಚಿಲ್ಲಿಗೂ ನಡುವೆ ಎಡೆ ಉಳಿದರೆ ನಳಿಗೆಯೇ ಒಡೆದು ಕೈ, ಕಣ್ಣು ಹೋಗಬಹುದು. ನಮ್ಮ ಮಳೆಗಾಲದ ತೇವಕ್ಕೆ ಒಳಗೆ ತುಕ್ಕು ತಿಂದ ನಳಿಗೆ ಹೊರಗಿನಿಂದ ಹೊಳೆಯುತ್ತಲೇ ಇರುತ್ತದೆ. ಕೇಪು ಸಿಡಿದೂ ಈಡು ಹಾರದಿದ್ದರೆ ಕೂಡಲೇ ಬಾಯಿಯೊಳಗೆ ಇಣುಕಬೇಡಿ. ಒಂದೆರಡು ನಿಮಿಷ ನಿರ್ಜನ ದಿಕ್ಕಿಗೆ ಹಿಡಿದೇ ಇರಿ. ಅಟ್ಟದಿಂದ ಇಳಿಸುವ ಕೋವಿಯಲ್ಲಿ ಈಡು ಇದೆಯೆಂದೇ ಭಾವಿಸಬೇಕು. ಮಕ್ಕಳನ್ನು ದೂರವಿಟ್ಟು, ತಿಳಿದವರಿಂದಲೇ ನೋಡಿಸಿ.

ಹಿಂದೆ ಇಂಥದನ್ನೆಲ್ಲ ನೋಡಿಕೊಳ್ಳುತ್ತಿದ್ದುದು ಊರಿನ ಆಚಾರಿ. ಕುದುರೆಯ ಸ್ಪ್ರಿಂಗನ್ನು ಹದವಾಗಿ ಕಾಯಿಸಿ ತಣಿಸುವುದು, ಸವೆದ ಕೇಪಿನ ಮೊಳೆಗೆ ಹೊಸ ತಿರುಪು ಕೊರೆಯುವುದು, ಇವು ಪುಸ್ತಕ ಓದಿ ಬರುವ ಕೆಲಸಗಳಲ್ಲ. ಲೈಸನ್ಸಿಲ್ಲದೆ ರಿಪೇರಿ ಮಾಡುವುದೂ ಅಪರಾಧ. ಈಗ ಅದಕ್ಕೆ ಕನಿಷ್ಠ 7 ವರ್ಷ ಸೆರೆ. ಕಳ್ಳಕೋವಿ ತಯಾರಿಸುವವನನ್ನೂ ನೆರೆಯವರ ಹಳೆ ಕೋವಿಯ ಸ್ಪ್ರಿಂಗ್ ಸರಿಮಾಡುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಆದರೂ ಕಾನೂನು ಹಾಗಿದೆ. ಸ್ನೇಹಕ್ಕಾಗಿ ಆಚಾರಿಯನ್ನು ಸಂಕಟಕ್ಕೆ ದೂಡಬೇಡಿ.

ಹಂದಿಯ ಉಪದ್ರ ಸುಳ್ಳಲ್ಲ. ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಪಂಚಾಯತು ಅಧ್ಯಕ್ಷರಿಗೆ ವಹಿಸಿತು. ವಿಷ, ಸ್ಫೋಟಕ, ವಿದ್ಯುತ್ ಕೂಡದೆಂಬ ಷರತ್ತೂ ಇತ್ತು. ಈಡು ಹೊಡೆಯಲು ಲೈಸನ್ಸುದಾರನೇ ಬೇಕು. ಅಧಿಕಾರವೇನೋ ಪಂಚಾಯತಿಗೆ ಬಂತು, ಕೋವಿಗಾರ ಎಲ್ಲಿಂದ ಬರಬೇಕು? ಚುನಾವಣೆ ಬಂದಾಗ ಅವನ ಕೋವಿಯೂ ಠಾಣೆಗೆ ಹೋಗುವುದುಂಟು. ಹಂದಿಗೆ ಮತದಾನದ ದಿನಾಂಕ ಗೊತ್ತಿಲ್ಲ!

ಈ ಬೇಸರದಲ್ಲಿ ಬೇಲಿಗೆ ಕರೆಂಟು ಕೊಡುವವರು, ಹಂದಿ ಪಟಾಕಿ ಇಡುವವರು ಇದ್ದಾರೆ. 2020ರ ಮೇ ತಿಂಗಳಲ್ಲಿ ಪಾಲಕ್ಕಾಡ್ ಜಿಲ್ಲೆಯಲ್ಲಿ ಸ್ಫೋಟಕ ತುಂಬಿದ ತಿನಿಸನ್ನು ಕಚ್ಚಿದ ಗರ್ಭಿಣಿ ಆನೆ ಹೊಳೆಯಲ್ಲಿ ನಿಂತೇ ಸತ್ತಿತು. ರಾತ್ರಿ ಅಡಿಕೆ ಕಾಯಲು ಹೊರಟ ನೆರೆಮನೆಯವರಿಗೂ ಆ ತಂತಿ ಕಾಣುವುದಿಲ್ಲ.

ಪ್ರಶ್ನೆ ಕೇಳಿದ ಬಂಧುಗಳು ಮರುದಿನವೇ ಅಪ್ಪನ ಲೈಸನ್ಸ್ ಪುಸ್ತಕ, ಮರಣ ಪ್ರಮಾಣಪತ್ರ ಹಿಡಿದು ಠಾಣೆಗೆ ಹೋಗಿ ವಿಷಯ ತಿಳಿಸಿ ಬಂದರು. ಲೈಸನ್ಸ್ ಕೋರಬೇಕೇ ಎಂದು ಮನೆಯಲ್ಲಿ ಇನ್ನೂ ಮಾತುಕತೆ ನಡೆಯುತ್ತಿದೆಯಂತೆ.