ಎಳೆಯ ಆಟಗಾರರ ಆಯ್ಕೆ ಮತ್ತು ಪೋಷಣೆ: ಸ್ಯಾನ್ ಆಂಟೋನಿಯೊ ತಂಡದ ದಾಖಲೆಯ ವಿಮರ್ಶೆ

ಒಂದು ಸಂಸ್ಥೆ ತರುಣರನ್ನು ಚೆನ್ನಾಗಿ ಆರಿಸಿಕೊಳ್ಳುತ್ತದೆ, ಆರಿಸಿಕೊಂಡವರನ್ನು ಚೆನ್ನಾಗಿ ಬೆಳೆಸುತ್ತದೆ ಎಂದು ಹೇಳುವುದು ಸುಲಭ. ಅದನ್ನು ಪ್ರಮಾಣಪೂರ್ವಕವಾಗಿ ತೋರಿಸುವುದು ಕಷ್ಟ. ಈ ಕಷ್ಟದ ಸ್ವರೂಪವನ್ನು ಅರಿಯಲು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟ ಒಳ್ಳೆಯ ಕ್ಷೇತ್ರವಾಗಿದೆ. ಅಲ್ಲಿ ಯಾರನ್ನು ಯಾವಾಗ ಯಾರು ಆರಿಸಿದರು, ಅವರು ಮುಂದೆ ಏನಾದರು ಎಂಬುದೆಲ್ಲ ದಾಖಲೆಯಾಗಿ ಉಳಿದಿದೆ. ಆದರೂ ಆ ದಾಖಲೆಯನ್ನು ಓದುವ ಕ್ರಮದಲ್ಲಿ ಪದೇ ಪದೇ ದೋಷಗಳು ನುಸುಳುವುದನ್ನು ಕಾಣುತ್ತೇವೆ.

ಮೊದಲು ಪದ್ಧತಿಯನ್ನು ತಿಳಿಯೋಣ. ಎನ್.ಬಿ.ಎ. ಎಂದು ಪ್ರಸಿದ್ಧವಾದ ಲೀಗಿನ ತಂಡಗಳು ವರ್ಷಕ್ಕೊಮ್ಮೆ ಕಲೆತು, ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಹಿಂದಿನ ವರ್ಷ ಸೋತು ಹಿಂದುಳಿದ ತಂಡಗಳಿಗೆ ಮುಂದಿನ ಸರದಿ ದೊರೆಯುತ್ತದೆ. ಗೆದ್ದ ತಂಡಗಳು ಕೊನೆಯಲ್ಲಿ ಕಾಯಬೇಕು. ಬೇಕೆಂದೇ ಸೋಲುವವರನ್ನು ತಡೆಯಲೆಂದು 1985ರಿಂದ ಮೊದಲ ಸರದಿಗಳನ್ನು ಲಾಟರಿಯಿಂದ ನಿರ್ಧರಿಸಲಾಗುತ್ತಿದೆ. 1989ರಿಂದ ಎರಡೇ ಸುತ್ತುಗಳು. ಸರದಿಯ ಹಕ್ಕನ್ನು ತಂಡಗಳು ತಮ್ಮೊಳಗೆ ವಿನಿಮಯ ಮಾಡಿಕೊಳ್ಳುವುದೂ ಉಂಟು.

ಈ ಕಲೆಯಲ್ಲಿ ನಿಪುಣವೆಂದು ಹೆಸರಾದದ್ದು ಟೆಕ್ಸಸ್ ಪ್ರಾಂತದ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡ. 1999, 2003, 2005, 2007 ಮತ್ತು 2014ರಲ್ಲಿ ಅದು ಪ್ರಶಸ್ತಿಯನ್ನು ಗೆದ್ದಿತು. ಟಿಮ್ ಡಂಕನ್, ಟೋನಿ ಪಾರ್ಕರ್, ಮನು ಜಿನೋಬಿಲಿ, ಕವಾಯ್ ಲೆನರ್ಡ್ ಎಂಬ ಹೆಸರುಗಳನ್ನು ಮುಂದಿಟ್ಟೊಡನೆ ವಾದ ಮುಗಿಯಿತೆಂದು ಅಭಿಮಾನಿಗಳು ಭಾವಿಸುತ್ತಾರೆ. ವಾಸ್ತವವಾಗಿ ವಾದ ಅಲ್ಲಿಂದಲೇ ಆರಂಭವಾಗಬೇಕು. ಏಕೆಂದರೆ ಈ ನಾಲ್ವರು ನಾಲ್ಕು ಬೇರೆ ಬೇರೆ ಬಗೆಯ ಸಾಕ್ಷ್ಯಗಳು.

ಡಂಕನ್ನನ ಮಾತನ್ನು ಬೇಗ ಮುಗಿಸಬಹುದು. 1996–97ರಲ್ಲಿ ತಂಡದ ಆಧಾರಸ್ತಂಭನಾಗಿದ್ದ ಡೇವಿಡ್ ರಾಬಿನ್‌ಸನ್ ಗಾಯಗೊಂಡು ಕೇವಲ 6 ಪಂದ್ಯಗಳನ್ನಾಡಿದ. ತಂಡ 20 ಗೆದ್ದು 62 ಸೋತಿತು. 1997ರ ಲಾಟರಿಯಲ್ಲಿ ಬಾಸ್ಟನ್ ತಂಡಕ್ಕೆ ಹೆಚ್ಚು ಅವಕಾಶವಿದ್ದರೂ ಚೀಟಿ ಸ್ಯಾನ್ ಆಂಟೋನಿಯೊಗೆ ಬಂದಿತು. ಡಂಕನ್ ಆ ವರ್ಷದ ಶ್ರೇಷ್ಠನೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಇದು ಭಾಗ್ಯವೇ ಹೊರತು ವಿವೇಚನೆಯಲ್ಲ.

ಆದುದರಿಂದ ಆಯ್ಕೆಯನ್ನು ಅಳೆಯುವಾಗ ಆಟಗಾರನ ಹಿರಿಮೆಯನ್ನಷ್ಟೇ ನೋಡಿದರೆ ಸಾಲದು. ಆ ಸರದಿಯಿಂದ ಸಾಮಾನ್ಯವಾಗಿ ಎಷ್ಟನ್ನು ನಿರೀಕ್ಷಿಸಬಹುದೋ ಅದಕ್ಕಿಂತ ಎಷ್ಟು ಹೆಚ್ಚು ದೊರೆಯಿತೆಂದು ಕೇಳಬೇಕು. ಮೊದಲ ಕೆಲವು ಸರದಿಗಳಲ್ಲಿ ಈ ನಿರೀಕ್ಷೆ ಬಲು ಎತ್ತರದಲ್ಲಿದ್ದು, ಕಡಿದಾಗಿ ಇಳಿದು, ಅನಂತರ ನಿಧಾನವಾಗಿ ತಗ್ಗುತ್ತದೆ. ಪ್ರಥಮ ದರ್ಜೆಯವರನ್ನಷ್ಟೇ ಸೇರಿಸಿಕೊಂಡು, ಪರೀಕ್ಷೆಯ ಫಲಿತಾಂಶವನ್ನು ತನ್ನ ಬೋಧನೆಯ ಮಹಿಮೆಯೆಂದು ಸಾರುವ ಕಾಲೇಜಿನ ಕಥೆ ನಮ್ಮಲ್ಲಿ ಅಪರಿಚಿತವೇನಲ್ಲ. ಇದರ ಇನ್ನೊಂದು ಮುಖವನ್ನೂ ಗಮನಿಸಬೇಕು. ಪಂಜಾಬಿನ ಸತ್ನಾಮ್ ಸಿಂಗನನ್ನು 2015ರಲ್ಲಿ ಡಲ್ಲಾಸ್ ತಂಡ 52ನೆಯ ಸರದಿಯಲ್ಲಿ ಆರಿಸಿತು. ಡ್ರಾಫ್ಟಿನಲ್ಲಿ ಆಯ್ಕೆಯಾದ ಮೊದಲ ಭಾರತೀಯ ಆತ. ಅವನಿಗೆ ಲೀಗಿನ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಹಾಗೆಂದು ಆ ಆಯ್ಕೆಯನ್ನು ಪ್ರಮಾದವೆನ್ನುವುದು ಅನ್ಯಾಯ. ಆ ಸರದಿಯ ಬೆಲೆಯೇ ಅಷ್ಟು, ಕಳೆದುಕೊಂಡದ್ದು ಅತ್ಯಲ್ಪ.

ಈ ಮಾನದಂಡದಿಂದ ನೋಡಿದರೆ ಜಿನೋಬಿಲಿಯ ಆಯ್ಕೆ ಅದ್ಭುತವೆನಿಸುತ್ತದೆ. 1999ರಲ್ಲಿ ಒಟ್ಟು 58 ಆಯ್ಕೆಗಳಿದ್ದವು. ಅರ್ಜೆಂಟೀನದ ಈ ತರುಣ ಆರಿಸಲ್ಪಟ್ಟದ್ದು 57ನೆಯವನಾಗಿ. ಮುಂದೆ ನಾಲ್ಕು ಪ್ರಶಸ್ತಿಗಳಲ್ಲಿ ಆತ ಭಾಗಿಯಾದ. ಆದರೆ ಅದೇ ದಿನದ ದಾಖಲೆಯನ್ನು ಇನ್ನೊಮ್ಮೆ ಓದಿದರೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಸ್ಯಾನ್ ಆಂಟೋನಿಯೊಗೆ 29ನೆಯ ಸರದಿಯೂ ಇತ್ತು. ಅದರಲ್ಲಿ ಬೇರೊಬ್ಬನನ್ನು ಆರಿಸಿ, ಅವನನ್ನು ಡಲ್ಲಾಸಿಗೆ ಬಿಟ್ಟುಕೊಟ್ಟು, ಆ ತಂಡ 40ನೆಯ ಸರದಿಯಲ್ಲಿ ಪಡೆದಿದ್ದ ಕ್ರೊಯೇಷಿಯದ ಗಾರ್ಡನ್ ಗಿರಿಚೆಕ್‌ನ ಹಕ್ಕನ್ನು ತೆಗೆದುಕೊಂಡಿತು. ಜಿನೋಬಿಲಿ ಏನಾಗುವನೆಂದು ಖಚಿತವಾಗಿ ತಿಳಿದವರು ಅವನನ್ನು 57ರವರೆಗೆ ಬಿಟ್ಟಿರುತ್ತಿದ್ದರೆ? ಉಳಿದವರಂತೆ ಇವರೂ ಅರಿಯರು. ತುಸು ಕಡಿಮೆ ತಪ್ಪಾಗಿ ಊಹಿಸಿದರು, ಅಷ್ಟೆ.

ಹಾಗಾದರೆ ಇಲ್ಲಿ ತಂಡದ ಗುಣವೇ ಇಲ್ಲವೆ? ಇದೆ; ಆದರೆ ಅದು ಭವಿಷ್ಯಜ್ಞಾನದಲ್ಲಿ ಅಲ್ಲ. ಅನ್ಯರು ಕಡೆಗಣಿಸಿದ್ದ ಪರದೇಶಗಳಲ್ಲಿ ಹುಡುಕಿದುದು ಒಂದು. ಆರಿಸಿದವನು ಇಟಲಿಯಲ್ಲಿ ಆಡಿಕೊಂಡಿರಲೆಂದು 2002ರವರೆಗೆ ಅವಸರಪಡದೆ ಕಾದದ್ದು ಇನ್ನೊಂದು. ಆ ಅವಧಿಯಲ್ಲಿ, 2001ರಲ್ಲಿ, ಜಿನೋಬಿಲಿ ಬೊಲೋನ್ಯ ತಂಡದೊಡನೆ ಯೂರೋಲೀಗ್ ಪ್ರಶಸ್ತಿಯನ್ನು ಗೆದ್ದ. ಅಂದರೆ ಅವನ ಬೆಳವಣಿಗೆಯ ದೊಡ್ಡ ಪಾಲಿನ ವೆಚ್ಚವನ್ನು ಭರಿಸಿದವರು ಇಟಲಿಯವರು! 2001ರಲ್ಲಿ 28ನೆಯ ಸರದಿಯಲ್ಲಿ ಫ್ರಾನ್ಸಿನ ಕ್ಲಬ್ಬಿನಿಂದ ಬಂದ ಪಾರ್ಕರನನ್ನು ಆರಿಸಿದುದು ಇದೇ ಹುಡುಕಾಟದ ಫಲ. ಅವನ ವಿಷಯದಲ್ಲಿ ಮಾತ್ರ ಕಾಯಲಿಲ್ಲ. ಹತ್ತೊಂಬತ್ತರ ಹುಡುಗನನ್ನು ಮೊದಲ ವರ್ಷವೇ ಮುಂಚೂಣಿಯಲ್ಲಿ ನಿಲ್ಲಿಸಿದರು.

ಎರಡು ಉದಾಹರಣೆಗಳಿಂದ ಸಿದ್ಧಾಂತ ಕಟ್ಟಬಹುದೆ ಎಂದು ಇಲ್ಲಿ ಕೇಳಲೇಬೇಕು. ಒಂದು ಸಣ್ಣ ಗಣಿತವನ್ನು ಮಾಡಿ ನೋಡೋಣ. ಮೊದಲ ಸುತ್ತಿನ ಕೊನೆಯ ಸರದಿಗಳಲ್ಲಿ ಎಂಟರಲ್ಲಿ ಒಬ್ಬ ಮಾತ್ರ ದೀರ್ಘಕಾಲ ನಿಲ್ಲುವ ಆಟಗಾರನಾಗುತ್ತಾನೆಂದು ವಾದಕ್ಕಾಗಿ ಊಹಿಸಿಕೊಳ್ಳಿ. ವಿಶೇಷ ಜಾಣ್ಮೆಯಿಲ್ಲದ ತಂಡವೊಂದು ಇಂಥ ಹತ್ತು ಆಯ್ಕೆಗಳನ್ನು ಮಾಡಿದರೆ, ಮೂವರು ಅಥವಾ ಹೆಚ್ಚು ಮಂದಿ ಯಶಸ್ವಿಯಾಗುವ ಸಂಭವ ಸುಮಾರು ಶೇಕಡ 12. ಒಂದೇ ಮಟ್ಟದ ಮೂವತ್ತು ತಂಡಗಳಿದ್ದರೆ ಅವುಗಳಲ್ಲಿ ಮೂರು ನಾಲ್ಕು ತಂಡಗಳು ಬರಿಯ ಆಕಸ್ಮಿಕದಿಂದಲೇ ಮಹಾಮೇಧಾವಿಗಳಂತೆ ಕಾಣಿಸಿಕೊಳ್ಳುತ್ತವೆ. ಪತ್ರಿಕೆಗಳು ಅವುಗಳ ಕುರಿತು ಬರೆಯುತ್ತವೆ. ಅಷ್ಟೇ ಆಕಸ್ಮಿಕವಾಗಿ ಸೋತ ವ್ಯವಸ್ಥಾಪಕರು ಕೆಲಸ ಕಳೆದುಕೊಳ್ಳುತ್ತಾರೆ. ವರ್ಷಕ್ಕೆ ಎರಡೇ ಆಯ್ಕೆ ಮಾಡುವ ತಂಡವನ್ನು ಐದು ವರ್ಷದ ಲೆಕ್ಕದಿಂದ ತೀರ್ಮಾನಿಸುವುದು ಎಂತಹ ದುಡುಕು ಎಂಬುದು ಇದರಿಂದ ವ್ಯಕ್ತವಾದೀತು.

ಇನ್ನು ಆಯ್ಕೆಯನ್ನೂ ಪೋಷಣೆಯನ್ನೂ ಬೇರ್ಪಡಿಸುವ ಸಮಸ್ಯೆ. ಇದಕ್ಕೆ ಲೆನರ್ಡ್ ತಕ್ಕ ನಿದರ್ಶನ. 2011ರಲ್ಲಿ ಇಂಡಿಯಾನ ತಂಡ 15ನೆಯ ಸರದಿಯಲ್ಲಿ ಆರಿಸಿದ್ದ ಇವನನ್ನು ಪಡೆಯಲು ಸ್ಯಾನ್ ಆಂಟೋನಿಯೊ ತೆತ್ತ ಬೆಲೆ ಜಾರ್ಜ್ ಹಿಲ್. ಆ ಹಿಲ್ಲನನ್ನು ತಾನೇ 2008ರಲ್ಲಿ 26ನೆಯ ಸರದಿಯಲ್ಲಿ ಆರಿಸಿ ಬೆಳೆಸಿದ್ದಿತು. ಕಾಲೇಜಿನ ಎರಡು ವರ್ಷಗಳಲ್ಲಿ ಲೆನರ್ಡನ ಮೂರು ಅಂಕದ ದೂರದೆಸೆತಗಳಲ್ಲಿ ಬುಟ್ಟಿಗೆ ಬಿದ್ದದ್ದು ಸುಮಾರು ನಾಲ್ಕರಲ್ಲಿ ಒಂದು. ಎಸೆತದ ಶಿಕ್ಷಕ ಚಿಪ್ ಎಂಗೆಲಂಡ್ ಅವನ ಕೈಯ ಭಂಗಿಯನ್ನು ತಿದ್ದಿದ. ಲೀಗಿನ ಮೊದಲ ವರ್ಷದಲ್ಲೇ ಈ ಪ್ರಮಾಣ ಶೇಕಡ 37ನ್ನು ಮೀರಿತು. 2014ರ ಅಂತಿಮ ಸರಣಿಯಲ್ಲಿ ಶ್ರೇಷ್ಠ ಆಟಗಾರನೆಂಬ ಮನ್ನಣೆ ಅವನದಾಯಿತು. ಈ ಯಶಸ್ಸು ಶಿಕ್ಷಕನದೆ, ಅಥವಾ ತಿದ್ದಿದರೆ ತಿದ್ದಿಕೊಳ್ಳಬಲ್ಲ ಶಿಷ್ಯನನ್ನು ಗುರುತಿಸಿದವರದೆ? ಎರಡೂ ಒಂದರೊಳಗೊಂದು ಹೆಣೆದುಕೊಂಡಿವೆ. ಆಯ್ಕೆಯ ದಿನವೇ ಬೇರೆ ತಂಡಕ್ಕೆ ಹೋದವರನ್ನು ಗಮನಿಸಿದರೆ ತುಸು ಬೆಳಕು ದೊರೆಯಬಹುದು. 2008ರಲ್ಲಿ 45ನೆಯ ಸರದಿಯಲ್ಲಿ ಇದೇ ತಂಡ ಗೋರಾನ್ ಡ್ರಾಗಿಚ್‌ನನ್ನು ಆರಿಸಿ ಆ ರಾತ್ರಿಯೇ ಫೀನಿಕ್ಸಿಗೆ ಕೊಟ್ಟುಬಿಟ್ಟಿತು. 2014ರಲ್ಲಿ ಲೀಗಿನಲ್ಲೇ ಅತ್ಯಂತ ಪ್ರಗತಿ ತೋರಿದವನೆಂಬ ಪ್ರಶಸ್ತಿ ಅವನಿಗೆ ಸಂದಿತು. ಕಣ್ಣು ಸ್ಯಾನ್ ಆಂಟೋನಿಯೊದ್ದು, ಕೈ ಬೇರೆಯವರದು ಎಂದಾಯಿತು. ಆದರೆ ಹಾಗೆ ಬಿಟ್ಟುಕೊಟ್ಟ ನಷ್ಟವನ್ನು ತಂಡದ ಲೆಕ್ಕಕ್ಕೆ ಬರೆಯುವವರು ವಿರಳ.

ತಪ್ಪುಗಳನ್ನು ತೂಗುವಾಗಲೂ ಇದೇ ಎಚ್ಚರ ಬೇಕು. 2017ರಲ್ಲಿ ಫಿಲಡೆಲ್ಫಿಯ ತಂಡ ತನ್ನ 3ನೆಯ ಸರದಿಯ ಜೊತೆಗೆ ಭವಿಷ್ಯದ ಇನ್ನೊಂದನ್ನೂ ಬಾಸ್ಟನ್ನಿಗೆ ತೆತ್ತು, ಮೊದಲ ಸರದಿಯನ್ನು ಪಡೆದು ಮಾರ್ಕೆಲ್ ಫುಲ್ಟ್ಸ್‌ನನ್ನು ಆರಿಸಿತು. ಬಾಸ್ಟನ್ನಿನ ಪಾಲಿಗೆ ಜೇಸನ್ ಟೇಟಮ್ ಬಂದ. ಫುಲ್ಟ್ಸ್ ಭುಜದ ವ್ಯಾಧಿಯಿಂದ ಆ ತಂಡಕ್ಕಾಗಿ 33 ಪಂದ್ಯಗಳನ್ನಷ್ಟೇ ಆಡಿದ. ಅಂದು ಬಹುಮಂದಿ ತಜ್ಞರು ಅವನನ್ನೇ ಮೊದಲಿಗನೆಂದಿದ್ದರು. ವ್ಯಾಧಿಯನ್ನು ಯಾರೂ ಕಂಡಿರಲಿಲ್ಲ. ಹೆಚ್ಚಿಗೆ ತೆತ್ತ ಬೆಲೆ ಮಾತ್ರ ಅಂದೇ ಕಣ್ಣೆದುರಿಗಿತ್ತು. ನಾವು ದೋಷವೆನ್ನಬಹುದಾದದ್ದು ಆ ಬೆಲೆಯನ್ನು.

ಸ್ಯಾನ್ ಆಂಟೋನಿಯೊದ ಇತ್ತೀಚಿನ ಆಯ್ಕೆಗಳು ಬೇರೆ ತಕ್ಕಡಿಯನ್ನು ಬೇಡುತ್ತವೆ. ಸೋಲಿನ ವರ್ಷಗಳ ಫಲವಾಗಿ 2023ರಲ್ಲಿ ಮೊದಲನೆಯ, 2024ರಲ್ಲಿ ನಾಲ್ಕನೆಯ, 2025ರಲ್ಲಿ ಎರಡನೆಯ ಸರದಿ ಅದಕ್ಕೆ ದೊರೆಯಿತು. ವಿಕ್ಟರ್ ವೆಂಬನ್ಯಾಮ, ಸ್ಟೆಫಾನ್ ಕ್ಯಾಸಲ್, ಡಿಲನ್ ಹಾರ್ಪರ್ ಕ್ರಮವಾಗಿ ಬಂದರು. ಮೊದಲಿಬ್ಬರೂ ತಮ್ಮ ತಮ್ಮ ವರ್ಷದ ಶ್ರೇಷ್ಠ ನವಾಗತರೆನಿಸಿದರು. ಪಾರ್ಕರ್, ಜಿನೋಬಿಲಿಯರ ಹೆಸರಿನ ಪಕ್ಕದಲ್ಲಿ ಇವರನ್ನು ಒಂದೇ ಪಟ್ಟಿಯಲ್ಲಿ ಬರೆಯುವ ಮುನ್ನ ಪ್ರತಿ ಹೆಸರಿನ ಎದುರಿಗೂ ಸರದಿಯ ಸಂಖ್ಯೆಯನ್ನು ನಮೂದಿಸಿಕೊಳ್ಳುವುದು ಲೇಸು.